ಬ್ರೆಡ್ಡಣ್ಣನ ಮೂರಂತಸ್ತಿನ ಕೇಕು

ಯಾರ ಮಗನಿಗೆ ಎಲ್ಲಿ ಸೀಟು ಸಿಕ್ಕಿತು, ಯಾರ ಮಗಳಿಗೆ ಎಲ್ಲಿ ತಪ್ಪಿತು ಎಂಬುದು ಆ ಬೀದಿಯಲ್ಲಿ ಹೆತ್ತವರಿಗಿಂತ ಮೊದಲು ಬ್ರೆಡ್ಡಣ್ಣನಿಗೆ ಗೊತ್ತಾಗುತ್ತಿತ್ತು ಎಂದರೆ ಉಪ್ಪುಖಾರ ಹಚ್ಚಿ ಹೇಳಿದಂತಾದೀತು. ಹೆತ್ತವರ ಬೆನ್ನಿಗೇ ಗೊತ್ತಾಗುತ್ತಿತ್ತು ಎನ್ನೋಣ. ಕಾಲೇಜಿನಿಂದ ಬಂದ ಸಂದೇಶವನ್ನು ಫೋನಿನಲ್ಲಿ ಓದಿದವರು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಬರುತ್ತಿದ್ದುದು ಅವನ ಬೇಕರಿಗೆ. ಸಿಕ್ಕವರು ಬೀಗುತ್ತ ಬರುತ್ತಿದ್ದರು. ಸಿಗದವರು ಬರುತ್ತಿರಲಿಲ್ಲ, ಹಾಗಾಗಿ ಅದೂ ತಿಳಿದುಹೋಗುತ್ತಿತ್ತು.

ಈ ಪದ್ಧತಿಯನ್ನು ಹುಟ್ಟುಹಾಕಿದವನು ಅವನೇ. ವರ್ಷಗಳ ಹಿಂದೆ ಎದುರು ಸಾಲಿನ ಔಷಧಿ ಅಂಗಡಿಯವನ ಹಿರಿಮಗಳಿಗೆ ಗಡಿಯಾರದ ಕಾಲೇಜಿನಲ್ಲಿ ಸೀಟು ಸಿಕ್ಕಿದಾಗ, ಏನೋ ಖುಷಿಗೆ ಮೂರಂತಸ್ತಿನ ಕೇಕೊಂದನ್ನು ಮಾಡಿದ. ಬಿಳಿ ಕ್ರೀಮಿನ ಮೇಲೆ ಹುಡುಗಿಯ ಹೆಸರು ಬರೆದು, ಒಂದು ಹಗಲು ಅಂಗಡಿಯ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಸಂಜೆ ಕಾಸು ಮುಟ್ಟದೆ ಕೊಟ್ಟುಬಿಟ್ಟ. ಆವತ್ತು ಬೀದಿಗೆ ಬೀದಿಯೇ ಅವನನ್ನು ಹೊಗಳಿತು. ಹೊಗಳಿಕೆ ಕಂಡವನು ಸುಮ್ಮನಿರುತ್ತಾನೆಯೇ? ಇನ್ನು ಮೇಲೆ ಈ ಬೀದಿಯ ಯಾವ ಮಗು ಕಾಲೇಜು ಸೇರಿದರೂ ನನ್ನದೊಂದು ಕೇಕು ಎಂದು ಸಾರಿಬಿಟ್ಟ.

ಮರುವರ್ಷ ಗುಡ್ಡದ ಕಾಲೇಜಿನಲ್ಲಿ ಸೀಟು ಸಿಕ್ಕ ಹುಡುಗನ ತಂದೆ ಬಂದು ನಿಂತರು. ಬ್ರೆಡ್ಡಣ್ಣನಿಗೆ ಪೇಚಾಯಿತು. ಗುಡ್ಡದ ಕಾಲೇಜಿಗೂ ಮೂರಂತಸ್ತು ಕೊಟ್ಟರೆ ಗಡಿಯಾರದ ಕಾಲೇಜಿಗೆ ಬೆಲೆಯೇನು ಬಂತು? ಅಳೆದೂ ಸುರಿದೂ ಒಂದು ಕ್ರಮ ಮಾಡಿದ. ಗೋಪುರದಲ್ಲಿ ಗಡಿಯಾರವಿರುವ ಕಾಲೇಜಿಗೆ ಮೂರಂತಸ್ತು. ಊರಾಚೆ ಗುಡ್ಡದ ಮೇಲಿನ ಕಾಲೇಜಿಗೆ ಒಂದಂತಸ್ತು. ಹೊಳೆಯ ಸೇತುವೆ ದಾಟಿದರೆ ಸಿಗುವ ಚಿಕ್ಕ ಕಾಲೇಜಿಗೆ ನೆತ್ತಿಯ ಮೇಲೊಂದು ಚೆರ್ರಿ ಹಣ್ಣಿಟ್ಟ ಬೆಣ್ಣೆ ಬನ್ನು. ಎಲ್ಲಿಯೂ ಸಿಗದೆ ಕಾಯುವವರ ಪಟ್ಟಿಯಲ್ಲಿ ಉಳಿದವರಿಗೆ ಒಂದು ಪೊಟ್ಟಣ ರಸ್ಕು. ಈ ಕೊನೆಯದನ್ನು ಅವನು ತಮಾಷೆಗೆ ಹೇಳಿದ್ದ. ತಮಾಷೆ ಬೀದಿಯ ಬಾಯಿಗೆ ಹತ್ತಿತು. ಕಾಲೇಜಿರಲಿ, ಕೆಲಸ ಸಿಗದವನಿಗೂ ಹೆಣ್ಣು ಒಪ್ಪದವನಿಗೂ ಆ ಬೀದಿಯಲ್ಲಿ “ಅವನಿಗೆ ರಸ್ಕು” ಎಂದೇ ಹೇಳುವುದು ರೂಢಿಯಾಯಿತು.

ಪ್ರತಿ ವರ್ಷ ಆ ದಿನಗಳಲ್ಲಿ ಗಾಜಿನ ಪೆಟ್ಟಿಗೆಯ ಮುಂದೆ ಜನ ನಿಂತು ಅಂತಸ್ತು ಎಣಿಸುತ್ತಿದ್ದರು. ಬನ್ನು ಬಂದವರು ಕತ್ತಲಾಗುವ ಹೊತ್ತಿಗೆ ಬಂದು ಕೈಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಒಬ್ಬ ತಾಯಿಯಂತೂ ಬನ್ನನ್ನು ದೊಡ್ಡ ಕೇಕಿನ ಡಬ್ಬದಲ್ಲಿ ಹಾಕಿಕೊಡಿ ಎಂದು ಬೇಡಿಕೊಂಡಿದ್ದಳು. ಒಬ್ಬ ಹುಡುಗಿ ಮಾತ್ರ ಅಂಗಡಿಯ ಮೆಟ್ಟಿಲ ಮೇಲೇ ಕೂತು, ಬನ್ನನ್ನು ಹರಿದು ಗೆಳತಿಯರಿಗೆ ಹಂಚಿ, ತುಟಿಗೆ ಬೆಣ್ಣೆ ಮೆತ್ತಿಕೊಂಡು ನಗುತ್ತ ತಿಂದಳು. ಇವಳಿಗೆ ನಾಚಿಕೆಯೇ ಇಲ್ಲವಲ್ಲ ಎಂದುಕೊಂಡ ಬ್ರೆಡ್ಡಣ್ಣ.

ಅವನನ್ನು ಕೆಟ್ಟವನೆನ್ನಲು ನಾಲಿಗೆ ಏಳುವುದಿಲ್ಲ. ಅಪ್ಪ ತೀರಿಕೊಂಡಾಗ ಅವನಿನ್ನೂ ಏಳನೇ ತರಗತಿ. ಚಿಕ್ಕಪ್ಪ ರಟ್ಟೆ ಹಿಡಿದು ಕರೆತಂದು ಇದೇ ಬೇಕರಿಯ ಮುದುಕ ಮಾಲೀಕನ ಮುಂದೆ ನಿಲ್ಲಿಸಿ, “ಹೊಟ್ಟೆಗೆ ಹಾಕಿ, ಕೆಲಸ ತಗೊಳ್ಳಿ” ಎಂದು ಹೇಳಿ ತಿರುಗಿ ನೋಡದೆ ಹೋದ. ಬೆಳಕು ಹರಿಯುವ ಮುಂಚೆ ಸೈಕಲ್ಲಿಗೆ ಎರಡು ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಗಡಿಯಾರದ ಕಾಲೇಜಿನ ಹಾಸ್ಟೆಲ್ಲಿಗೆ ಬ್ರೆಡ್ಡು ಹಾಕಿಬರುವುದು ಅವನ ಪಾಲಿನ ಕೆಲಸ. ಒಳಗೆ ಹೋಗುವುದು ಹಿಂದಿನ ಗೇಟಿನಿಂದ, ಅಡಿಗೆಮನೆಯ ಬಚ್ಚಲು ನೀರು ಹರಿಯುವ ಓಣಿಯಿಂದ. ಅವನಿಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡು ಕಿಟಕಿಯಿಂದ “ಏ ಬ್ರೆಡ್ಡು” ಎಂದು ಕರೆಯುತ್ತಿದ್ದರು. ಆ ಹೆಸರು ಅವನಿಗೆ ಅಂದೇ ಅಂಟಿ ಮುಂದೆಯೂ ಉಳಿದುಕೊಂಡಿತು. ಅಂಗಡಿ ಅವನ ಕೈಗೆ ಬಂದ ಮೇಲೆ ಬೀದಿ ಅದಕ್ಕೆ ಮರ್ಯಾದೆಗೆ ಅಣ್ಣ ಸೇರಿಸಿತು, ಅಷ್ಟೆ. ಆ ಕಾಲೇಜಿನ ಗಡಿಯಾರ ಅವನ ತಲೆಯೊಳಗೆ ಕೂತು ಬಿಟ್ಟಿತ್ತು. ಒಂದು ದಿನ ಮುಂದಿನ ಗೇಟಿನಿಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಬ್ಬ ವಿದ್ಯಾರ್ಥಿಯ ತಂದೆಯಾಗಿ ಒಳಗೆ ಹೋಗಬೇಕು. ಬದುಕಿನಲ್ಲಿ ಅವನು ತನಗಾಗಿ ಆಸೆಪಟ್ಟದ್ದು ಇದೊಂದನ್ನೇ. ತಾಪತ್ರಯವೆಂದರೆ, ಆ ಆಸೆ ತೀರಿಸಬೇಕಾಗಿದ್ದವಳು ಮಗಳು.

ಇರುವವಳು ಒಬ್ಬಳೇ ಮಗಳು. ಅಂಗಡಿಯ ಗಲ್ಲಾ ನೋಡಿಕೊಳ್ಳುವುದು ಹೆಂಡತಿ. ಅವಳಿಗೆ ಚಿಕ್ಕಂದಿನ ಜ್ವರದಲ್ಲಿ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಗೊತ್ತಿದ್ದ ಗಿರಾಕಿಗಳು ಗಲ್ಲಾದ ಬಲಕ್ಕೆ ಬಂದು ನಿಂತು ಬಾಯಿಬಿಟ್ಟು ನಿಧಾನವಾಗಿ ಕೇಳುತ್ತಿದ್ದರು. ಗೊತ್ತಿಲ್ಲದವರು ಕೂಗಾಡಿ ಹೋಗುತ್ತಿದ್ದರು. ಮಗಳು ಮಾತು ಕಲಿತದ್ದೇ ಅಮ್ಮನ ಬಲಮಗ್ಗುಲಲ್ಲಿ, ಬಿಸ್ಕತ್ತಿನ ಡಬ್ಬದ ಮೇಲೆ ಕೂತು. ಶಾಲೆಯಲ್ಲಿದ್ದಾಗ ಒಮ್ಮೆ ಸೇತುವೆ ಕಾಲೇಜಿನವರು ಬಂದು ಮಕ್ಕಳ ಕಿವಿ ಪರೀಕ್ಷೆ ಮಾಡಿದರು. ಹುಟ್ಟಿದಾಗಿನಿಂದ ಏನೂ ಕೇಳಿಸದ ಪುಟ್ಟ ಹುಡುಗನೊಬ್ಬನ ಅಂಗೈಯನ್ನು ಅಲ್ಲಿನ ಮೇಡಂ ಒಬ್ಬರು ತಮ್ಮ ಗಂಟಲ ಮೇಲೆ ಇಟ್ಟುಕೊಂಡು, ಸದ್ದು ಎಲ್ಲಿ ಹುಟ್ಟುತ್ತದೆಂದು ತೋರಿಸಿಕೊಟ್ಟು, ಅವನ ಬಾಯಿಂದ ‘ಅಮ್ಮ’ ಎನ್ನಿಸಿದ್ದನ್ನು ಇವಳು ಕಣ್ಣಾರೆ ಕಂಡಳು. ಅಂದು ಮನೆಗೆ ಬಂದವಳು ಅಮ್ಮನ ಕೈಯನ್ನು ತನ್ನ ಗಂಟಲ ಮೇಲೆ ಒತ್ತಿಟ್ಟುಕೊಂಡು ಏನೇನೋ ಮಾತಾಡಿದಳು. ಕಿವಿ ಕೇಳದವರಿಗೆ ಮಾತು ಕಲಿಸುವ ಆ ಓದು ಸೇತುವೆ ಕಾಲೇಜಿನಲ್ಲಿ ಮಾತ್ರವಿತ್ತು. ತನಗೆ ಅದೇ ಬೇಕು ಎಂದವಳು ಆಮೇಲೆ ಮಾತು ಬದಲಿಸಲೇ ಇಲ್ಲ.

“ಕಿವುಡರ ಹತ್ರ ಮಾತಾಡೋಕೆ ಕಾಲೇಜ್ ಬೇರೆ ಬೇಕಾ? ನಾನು ನಿಮ್ಮಮ್ಮನ ಜೊತೆ ಇಷ್ಟು ವರ್ಷ ಮಾತಾಡ್ಲಿಲ್ವಾ?” ಎಂದ ಬ್ರೆಡ್ಡಣ್ಣ.

“ನೀವು ಮಾತಾಡಿದ್ರಿ ಅಪ್ಪ. ಅಮ್ಮನಿಗೆ ಕೇಳಿಸ್ತಾ ಅಂತ ಯಾವತ್ತಾದ್ರೂ ನೋಡಿದ್ರಾ?” ಎಂದಳು ಮಗಳು.

ಇದಕ್ಕೆ ಅವನು ನಕ್ಕ. ಮಗಳ ನಾಲಿಗೆ ಚುರುಕು ಎಂದು ಗಿರಾಕಿಗಳ ಮುಂದೆ ಹೇಳಿಕೊಂಡು ಹೆಮ್ಮೆಪಟ್ಟ. ಅರ್ಜಿ ಹಾಕುವಾಗ ಮಾತ್ರ ಮೊದಲು ಗಡಿಯಾರದ ಕಾಲೇಜು, ಆಮೇಲೆ ಗುಡ್ಡದ್ದು, ಕೊನೆಗೆ ಅವಳ ಹಟಕ್ಕೆಂದು ಸೇತುವೆಯದು. ಮೂರರಲ್ಲೂ ಪೋಷಕರ ಹೆಸರು ಬರೆಯುವ ಕಡೆ ತನ್ನ ಹೆಸರನ್ನು ತಾನೇ, ಕೇಕಿನ ಮೇಲೆ ಬರೆಯುವಷ್ಟು ದುಂಡಗೆ ಬರೆದ.

ಔಷಧಿ ಅಂಗಡಿಯವನ ಕಿರಿಮಗನೂ ಅದೇ ವರ್ಷ ಕಾಯುತ್ತಿದ್ದ. ಬೀದಿಯಲ್ಲಿ ಅವನ ಹೆಸರು ಮಾತ್ರೆ. ಇವಳೂ ಅವನೂ ಅಂಗನವಾಡಿಯಿಂದ ಒಂದೇ ಬೆಂಚು, ಒಂದೇ ಜಗಳ. ಮಕ್ಕಳಿಬ್ಬರ ಮಧ್ಯೆ ಪೈಪೋಟಿ ಎಂಬುದೇ ಇರಲಿಲ್ಲ, ಇದ್ದದ್ದು ಅಪ್ಪಂದಿರ ಮಧ್ಯೆ. ಎರಡು ಅಂಗಡಿಗಳ ನಡುವಿನ ರಸ್ತೆಯನ್ನು ಮಾಡಿದ್ದೇ ಮಾರ್ಕ್ಸು ಓಡಾಡುವುದಕ್ಕೆ ಎನ್ನುವ ಹಾಗೆ ಪ್ರತಿ ಪರೀಕ್ಷೆಯಾದ ಮೇಲೂ ಇಬ್ಬರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಬ್ರೆಡ್ಡಣ್ಣನ ಮಗಳಿಗೆ ಪ್ರತಿ ಸಲವೂ ಒಂದು ತೂಕ ಜಾಸ್ತಿ. ಆಗೆಲ್ಲ ಔಷಧಿಯವನು, “ಹೆಣ್ಣುಮಕ್ಕಳು ಬಾಯಿಪಾಠ ಚೆನ್ನಾಗಿ ಮಾಡ್ತಾವೆ ಬಿಡಿ” ಎಂದು ಒಳಗೆ ಹೋಗುತ್ತಿದ್ದ. ಆ ಮಾತಿಗೆ ಒಂದು ದಿನ ಮೂರಂತಸ್ತಿನ ಉತ್ತರ ಕೊಡಬೇಕೆಂದು ಬ್ರೆಡ್ಡಣ್ಣ ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದ.

ಕಾಯುವ ದಿನಗಳಲ್ಲಿ ಫೋನು ಸಕ್ಕರೆ ಡಬ್ಬದ ಮುಚ್ಚಳದ ಮೇಲಿರುತ್ತಿತ್ತು. ಅದು ಗುಂಯ್ ಎಂದರೆ ಅವನು ಹಿಟ್ಟಿನ ಕೈಯಲ್ಲೇ ಓಡಿಬರುತ್ತಿದ್ದ. ಮೊದಲು ಬಂದದ್ದು ಗುಡ್ಡದ ಕಾಲೇಜಿನ ಉತ್ತರ. ಇಲ್ಲ ಎಂದಿತ್ತು. “ಅದು ಹಾಳಾಗಿಹೋಗ್ಲಿ, ಅಲ್ಲಿ ಯಾರಿಗೆ ಬೇಕಿತ್ತು” ಎಂದ. ಎರಡನೆಯದು ಸೇತುವೆ ಕಾಲೇಜಿನದು. ಸೀಟು ಕೊಟ್ಟಿದ್ದೇವೆ, ತಿಂಗಳ ಕೊನೆಯ ಶುಕ್ರವಾರದೊಳಗೆ ಪೋಷಕರು ಖುದ್ದಾಗಿ ಬಂದು ಸಹಿ ಮಾಡಿ ಉಳಿಸಿಕೊಳ್ಳತಕ್ಕದ್ದು ಎಂದಿತ್ತು. ಮಗಳು ಮೊದಲು ಓಡಿದ್ದು ಅಮ್ಮನ ಬಲಗಿವಿಗೆ. ಅಮ್ಮ ಗಲ್ಲಾದ ಮುಂದೆ ಗಿರಾಕಿ ನಿಂತಿರುವುದನ್ನೂ ಮರೆತು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಶ್, ಮೆಲ್ಲಗೆ” ಎಂದ ಬ್ರೆಡ್ಡಣ್ಣ, ಬಾಗಿಲ ಕಡೆ ನೋಡುತ್ತ. “ಹೊರಗಡೆ ಹೇಳ್ಬೇಡಿ. ಬನ್ನಿಗೆ ಯಾಕಿಷ್ಟು ಸಂಭ್ರಮ? ಗಡಿಯಾರದ್ದು ಬರ್ಲಿ.”

ಮಗಳ ಮುಖ ಇಳಿಯಿತು. ಸೀಟು ಸಿಕ್ಕ ಮಗುವಿಗೆ ಬನ್ನು ಎಂದ ತಂದೆಯ ಬಾಯಿಗೆ ಏನು ಹೇಳೋಣ. ತಾನೇ ಅಚ್ಚು ಮಾಡಿದ್ದ ಅಳತೆಗೋಲು, ಅದು ತನ್ನ ಮಗಳ ನೆತ್ತಿಗೂ ತಾಗೀತೆಂದು ಅವನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಗಡಿಯಾರದ ಕಾಲೇಜಿನವರು ಎಲ್ಲರಿಗೂ ಒಂದೇ ಸಲ ತಿಳಿಸುವವರಲ್ಲ. ಇವತ್ತು ಕೆಲವರಿಗೆ, ನಾಳೆ ಕೆಲವರಿಗೆ, ದೊಡ್ಡವರ ಮನೆಯ ಔತಣದಂತೆ ಪಂಕ್ತಿ ಪಂಕ್ತಿಯಾಗಿ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಔಷಧಿಯವನು ರಸ್ತೆ ದಾಟಿ ಬಂದ. ನಡಿಗೆಯಲ್ಲೇ ವಿಷಯ ಗೊತ್ತಾಗುತ್ತಿತ್ತು.

“ನಮ್ಮವನದ್ದು ಆಯ್ತು ಕಣ್ರಿ. ಗಡಿಯಾರ. ನಿಮ್ಮ ಮಗಳದ್ದು ಏನಾಯ್ತು?”

“ನಾಳೆ ಬರುತ್ತೆ” ಎಂದ ಬ್ರೆಡ್ಡಣ್ಣ. “ಉಳಿದೋರಿಗೆ ನಾಳೆ ಅಂತ ಹೇಳಿದಾರೆ.”

“ಬಂದೇ ಬರುತ್ತೆ ಬಿಡಿ. ನಮ್ಮವನಿಗೇ ಕೊಟ್ಟ ಮೇಲೆ ನಿಮ್ಮವಳಿಗೆ ಕೊಡದೆ ಇರ್ತಾರಾ” ಎಂದು ಅವನು ಹೋದ.

ಅವನು ಬಾಯುಪಚಾರಕ್ಕೆ ಹೇಳಿದ್ದು. ಇವನು ಅದನ್ನು ಕಾಲೇಜಿನವರೇ ಬಂದು ಹೇಳಿದಂತೆ ಗಂಟು ಕಟ್ಟಿಕೊಂಡ. ಮಾತ್ರೆಗಿಂತ ಮಗಳಿಗೆ ಮಾರ್ಕ್ಸು ಜಾಸ್ತಿ. ಮಾತ್ರೆಗೆ ಸಿಕ್ಕಿದೆ. ಅಂದ ಮೇಲೆ ಮಗಳಿಗೂ ಸಿಕ್ಕಿದ ಹಾಗೇ. ತಕ್ಕಡಿ ಹಿಡಿದು ಬದುಕಿದವನಿಗೆ ಇದಕ್ಕಿಂತ ನೇರವಾದ ಲೆಕ್ಕ ಇನ್ನೇನಿದೆ. ಗಡಿಯಾರದ ಕಾಲೇಜಿನಲ್ಲಿ ಒಂದು ಸಂದರ್ಶನ ಬೇರೆ ನಡೆದಿತ್ತು, ಅದರೊಳಗೆ ಯಾರು ಯಾರಿಗೆ ಹೇಗೆ ಕಂಡರೋ ಹೊರಗಿನವರಿಗೆ ತಿಳಿಯುವುದಿಲ್ಲ ಎಂಬುದು ಅವನ ತಕ್ಕಡಿಗೆ ಬರಲಿಲ್ಲ.

ಆ ಸಂಜೆ ಮಾತ್ರೆಯ ಕೇಕಿಗೆ ಹಿಟ್ಟು ಕಲಸುವಾಗ ಅಳತೆ ಎರಡರಷ್ಟಾಯಿತು. ಹೆಂಡತಿ ನೋಡಿದಳು.

“ಇದ್ಯಾರಿಗೆ ಎರಡನೇದು?”

“ಇವಳಿಗೆ. ಹೇಗೂ ಒಲೆ ಕಾದಿದೆ. ಮೂರಂತಸ್ತಿನ ಕೇಕು ಅಂದ್ರೆ ಇವತ್ತು ಬೆಂದು, ರಾತ್ರಿಯೆಲ್ಲ ಆರಿ, ಬೆಳಿಗ್ಗೆ ಕ್ರೀಮ್ ಕೂರಬೇಕು. ನಾಳೆ ಸುದ್ದಿ ಬಂದ ಮೇಲೆ ಶುರು ಮಾಡಿದ್ರೆ ನಾಡಿದ್ದು ಗಾಜಿನ ಪೆಟ್ಟಿಗೆಗೆ ಬರುತ್ತೆ. ಅವರದ್ದು ನಾಳೆ, ನಮ್ದು ನಾಡಿದ್ದಾ?”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾರಾ ಯಾರಾದ್ರೂ?” ಎಂದಳು ಅವಳು.

ಅವನು ಅವಳ ಎಡಮಗ್ಗುಲಿಗೆ ಬಂದು ಏನೋ ಗೊಣಗಿದ. ಅವಳಿಗೆ ಕೇಳಿಸಬಾರದು ಎನಿಸಿದ ಮಾತನ್ನೆಲ್ಲ ಅವನು ಆಡುತ್ತಿದ್ದುದು ಆ ಕಡೆಯಿಂದಲೇ.

ಬೆಳಿಗ್ಗೆ ಗಾಜಿನ ಪೆಟ್ಟಿಗೆಯಲ್ಲಿ ಎರಡು ಕೇಕು ಜೋಡಿ ನಿಂತಿದ್ದವು. ಒಂದರ ಮೇಲೆ ಮಾತ್ರೆಯ ಹೆಸರು, ಇನ್ನೊಂದರ ಮೇಲೆ ಮಗಳದು. ಮಗಳು ಮಹಡಿಯ ಮೇಲಿನ ಮನೆಯಿಂದ ಇಳಿದು ಬಂದು ನೋಡಿ ಮೆಟ್ಟಿಲಲ್ಲೇ ನಿಂತುಬಿಟ್ಟಳು. “ಅಪ್ಪ, ಅದನ್ನ ತೆಗೀರಿ. ನನಗಿನ್ನೂ ಏನೂ ಬಂದಿಲ್ಲ” ಎಂದಳು. ಅಷ್ಟರಲ್ಲಿ ಹಾಲಿನವನು, ಪೇಪರಿನವನು, ಲೆಕ್ಕದ ಮೇಡಂ, ದರ್ಜಿಯ ಹೆಂಡತಿ ಎಲ್ಲರೂ ನೋಡಿಯಾಗಿತ್ತು. ಎಲ್ಲರೂ ಒಳಗೆ ಬಂದು ಅವಳ ಕೈ ಕುಲುಕಿ ಹೋದರು. ಲೆಕ್ಕದ ಮೇಡಂ ಕಣ್ಣೊರೆಸಿಕೊಂಡು, ತಾನು ಪಾಠ ಹೇಳಿದ್ದು ಸಾರ್ಥಕವಾಯಿತು ಎಂದರು. ಅವಳು ಪ್ರತಿಯೊಬ್ಬರಿಗೂ ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ ಎಂದದ್ದನ್ನು ಎಲ್ಲರೂ ವಿನಯ ಎಂದುಕೊಂಡರು.

ಸಂದೇಶ ಬಂದದ್ದು ಸಂಜೆ. ಮಗಳು ಓದಿ ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಕಾಯುವವರ ಪಟ್ಟಿಯಲ್ಲಿ ಹೆಸರಿದೆ, ಜಾಗ ಖಾಲಿಯಾದರೆ ತಿಳಿಸುತ್ತೇವೆ. ಅಂದರೆ ಬ್ರೆಡ್ಡಣ್ಣನದೇ ಬೀದಿಯಲ್ಲಿ, ಬ್ರೆಡ್ಡಣ್ಣನದೇ ಭಾಷೆಯಲ್ಲಿ, ರಸ್ಕು. ಅವನು ಅದನ್ನು ಮೂರು ನಾಲ್ಕು ಸಲ ಓದಿದ, ಓದಿದರೆ ಬದಲಾದೀತು ಎನ್ನುವವನ ಹಾಗೆ. ಆಮೇಲೆ ಗಾಜಿನ ಪೆಟ್ಟಿಗೆಯಿಂದ ಕೇಕನ್ನು ಎತ್ತಿಕೊಂಡು ಮಹಡಿ ಹತ್ತಿದ. ಆ ಕೇಕನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಮಾರನೆಯ ದಿನ ಹೆಂಡತಿ ಮೇಲಿನ ಅಕ್ಷರ ಕೆರೆದು ತೆಗೆದು, ತುಂಡು ತುಂಡು ಮಾಡಿ, ಬಿಡಿ ಕೇಕಿನ ತಟ್ಟೆಗೆ ಸೇರಿಸಿದಳು. ಔಷಧಿಯವನೇ ಎರಡು ತುಂಡು ಕೊಂಡು, ನಿನ್ನೆಯದಕ್ಕಿಂತ ಇದು ಚೆನ್ನಾಗಿದೆ ಎಂದು ಹೊಗಳಿದ.

ಬೀದಿಗೆ ನಿಜ ಹೇಳುವುದಕ್ಕೆ ಆ ಸಂಜೆ ಒಂದು ಹೊತ್ತಿತ್ತು. ಆತುರಪಟ್ಟೆ, ತಪ್ಪಾಯಿತು ಎಂದಿದ್ದರೆ ನಾಲ್ಕು ಜನ ನಗುತ್ತಿದ್ದರು, ಅಷ್ಟೆ. ನಕ್ಕ ಬಾಯಿ ನಾಲ್ಕು ದಿನಕ್ಕೆ ಮುಚ್ಚುತ್ತದೆ. ಅವನು ಆ ಹೊತ್ತನ್ನು ದಾಟಿಸಿದ. ಯಾರಾದರೂ ಕಾಲೇಜು ಯಾವಾಗ ಶುರು ಎಂದು ಕೇಳಿದರೆ, “ಇನ್ನೂ ತಾರೀಕು ಹೇಳಿಲ್ಲ” ಎನ್ನುತ್ತಿದ್ದ. ಅದೂ ಒಂದು ಥರದಲ್ಲಿ ನಿಜವೇ.

ಮಗಳಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳ ತಲೆಯಲ್ಲಿದ್ದದ್ದು ಶುಕ್ರವಾರ.

“ಅಪ್ಪ, ಸೇತುವೆ ಕಾಲೇಜಿಗೆ ಹೋಗಿ ಸಹಿ ಮಾಡಿ ಬರೋಣ.”

“ಅಲ್ಲಿ ಸಹಿ ಹಾಕಿದ್ರೆ ಗಡಿಯಾರದವರು ಪಟ್ಟಿಯಿಂದ ಕಿತ್ತು ಹಾಕ್ತಾರೆ.”

“ಹಾಗೇನಿಲ್ಲ. ನಾನು ಫೋನ್ ಮಾಡಿ ಕೇಳಿದೀನಿ. ಆಮೇಲೂ ಬಿಡಬಹುದಂತೆ.”

“ಔಷಧಿಯವನ ನಾದಿನಿ ಅಲ್ಲೇ ಆಫೀಸಲ್ಲಿರೋದು. ಸಹಿ ಹಾಕಿದ ದಿನವೇ ಬೀದಿಗೆ ಗೊತ್ತಾಗುತ್ತೆ.”

“ಗೊತ್ತಾಗ್ಲಿ. ನಾನು ಅಲ್ಲಿಗೇ ಹೋಗೋದು.”

“ಗಾಜಿನ ಪೆಟ್ಟಿಗೇಲಿ ಮೂರಂತಸ್ತು ಇಟ್ಟು ಈಗ ಬನ್ನು ತಿನ್ನು ಅಂತೀಯಾ ನನಗೆ?”

“ಬನ್ನು ನಾನು ತಿಂತೀನಿ ಅಪ್ಪ. ನೀವು ಬರೀ ಸಹಿ ಹಾಕಿ” ಎಂದಳು.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರ ಬಗ್ಗೆ ಕೇಳಿದ್ದೇವೆ. ತನ್ನ ಮಗಳನ್ನೇ ದಡದಲ್ಲಿ ನಿಲ್ಲಿಸಿಕೊಂಡು, ಪಟ್ಟಿ ಒಂದು ಮೆಟ್ಟಿಲು ಮೇಲೇರಿತೇ ಎಂದು ದಿನಾ ಫೋನು ನೋಡುವವನನ್ನು ಏನೆಂದು ಕರೆಯುವುದು? ಅವನು ಅವಳ ಕೆಟ್ಟದ್ದು ಬಯಸಿದವನಲ್ಲ. ನಾಳೆ ಗಡಿಯಾರದ ಕಾಲೇಜಿನವರು ಕರೆದರೆ ಎಲ್ಲವೂ ಸರಿಹೋಗುತ್ತದೆ, ಇಟ್ಟ ಕೇಕು ನಿಜವಾಗುತ್ತದೆ, ಮಗಳು ಒಂದು ದಿನ ತನಗೆ ಥ್ಯಾಂಕ್ಸ್ ಹೇಳುತ್ತಾಳೆ ಎಂದು ಮನಸಾರೆ ನಂಬಿದ್ದ. ನಂಬಿಕೆಗೆ ಕಣ್ಣಿರುವುದಿಲ್ಲ ಎನ್ನುತ್ತಾರೆ. ಇವನದಕ್ಕೆ ಕಣ್ಣಿತ್ತು, ಅದು ರಸ್ತೆಯ ಎದುರು ಬದಿಯನ್ನೇ ನೋಡುತ್ತಿತ್ತು.

ಶುಕ್ರವಾರ ಬಂತು. ಮಗಳು ಬೆಳಿಗ್ಗೆಯೇ ತಲೆ ಬಾಚಿ, ಕಾಗದಗಳ ಚೀಲ ಹಿಡಿದು ಒಲೆಯ ಕೋಣೆಯ ಬಾಗಿಲಲ್ಲಿ ನಿಂತಳು. “ಈ ಬ್ಯಾಚು ಇಳಿಸಿ ಹೊರಡೋಣ” ಎಂದ ಅವನು. ಆ ಬ್ಯಾಚು ಇಳಿಯಿತು. ಅಷ್ಟರಲ್ಲಿ ಇನ್ನೊಂದು ಹಿಟ್ಟು ಉಬ್ಬಿ ನಿಂತಿತ್ತು. ಉಬ್ಬಿದ ಹಿಟ್ಟನ್ನು ಬಿಟ್ಟು ಹೋದರೆ ಹುಳಿಯಾಗುತ್ತದೆ ಎಂಬುದು ಬೇಕರಿಯವರ ವೇದ. ಅದನ್ನು ಇಳಿಸಿದ. ಮತ್ತೊಂದಕ್ಕೆ ಕೈ ಹಾಕಿದ. ಅಷ್ಟೊಂದು ಬ್ರೆಡ್ಡು ಆವತ್ತು ಯಾರೂ ಕೇಳಿರಲಿಲ್ಲ. ಮಧ್ಯಾಹ್ನ ಆಗುತ್ತ ಬಂದಾಗ ಹೆಂಡತಿ ಗಲ್ಲಾಕ್ಕೆ ಬೀಗ ಹಾಕಿ, ಸೆರಗು ಸರಿಮಾಡಿಕೊಂಡು ಬಂದಳು.

“ನಾನು ಕರ್ಕೊಂಡು ಹೋಗ್ತೀನಿ. ನೀವು ಮುಂದಿನ ಬಸ್ಸಿಗೆ ಬನ್ನಿ” ಎಂದಳು.

“ಬರ್ತೀನಿ, ಹೋಗಿರಿ” ಎಂದ.

ಅವರು ಹೋದ ಮೇಲೆ ಅಂಗಡಿಯಲ್ಲಿ ಅವನೊಬ್ಬನೇ. ಮುಂದಿನ ಬಾಗಿಲು ಅರ್ಧ ಎಳೆದು, ಕೋಣೆಯಲ್ಲಿ ನಿಂತು ಹಿಟ್ಟು ನಾದುತ್ತಿದ್ದ. ಒಂದು ಬಸ್ಸು ಹೋದ ಸದ್ದು ಕೇಳಿಸಿತು. ಇನ್ನೊಂದೂ ಹೋಯಿತು. ಫೋನು ಸಕ್ಕರೆ ಡಬ್ಬದ ಮೇಲೆ ಗುಂಯ್ ಎಂದಿತು. ಬಗ್ಗಿ ನೋಡಿದ, ಮಗಳ ಹೆಸರಿತ್ತು. ಅಲ್ಲಿ ಏನು ನಡೆದಿರಬಹುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅರ್ಜಿಯಲ್ಲಿ ಹೆಸರಿರುವವರೇ ಬರಬೇಕು ಎಂದು ಗುಮಾಸ್ತ ಹೇಳಿರುತ್ತಾನೆ. ಹೊರಟರೆ ಇನ್ನೂ ಹೊತ್ತಿತ್ತು. ಆಟೋ ಹಿಡಿದರೆ ಸೇತುವೆ ಎಷ್ಟು ದೂರ? ಕೈ ಹಿಟ್ಟಾಗಿದೆಯಲ್ಲ ಎಂದುಕೊಂಡ. ಸುದ್ದಿಗಾಗಿ ಅದೇ ಹಿಟ್ಟಿನ ಕೈಯಲ್ಲಿ ದಿನಾ ಓಡಿಬಂದು ಫೋನು ಎತ್ತುತ್ತಿದ್ದವನು ಅಂದು ಕೈ ನೋಡಿಕೊಂಡ. ಫೋನು ಬಡಿದುಕೊಂಡು ಸುಮ್ಮನಾಯಿತು, ಮತ್ತೆ ಬಡಿದುಕೊಂಡಿತು, ಆಮೇಲೆ ಬಡಿಯಲಿಲ್ಲ. ಅವನು ನಾದುತ್ತಲೇ ಇದ್ದ.

ಸಂಜೆ ಅವರಿಬ್ಬರೂ ಬಂದರು. ಅವನು ಒಂದು ಸುಳ್ಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದ. ಹೊರಟೆ, ಬಸ್ಸು ಸಿಗಲಿಲ್ಲ, ಫೋನು ಅಂಗಡಿಯಲ್ಲೇ ಮರೆತೆ. ಯಾರೂ ಕೇಳದೆ ಆ ಸುಳ್ಳು ಬಾಯಲ್ಲೇ ಹಳಸಿತು. ಹೆಂಡತಿ ಗಲ್ಲಾದ ಬೀಗ ತೆಗೆಯುತ್ತ ಅವನತ್ತ ನೋಡದೆ ಹೇಳಿದಳು.

“ಗಾಜಿನ ಹಿಂದಿಂದ ಆ ಮನುಷ್ಯ ಏನೋ ಹೇಳ್ತಾ ಇದ್ದ. ನನಗೊಂದೂ ಕೇಳಿಸ್ಲಿಲ್ಲ. ಇವಳಿಗೆ ಕೇಳಿಸ್ತು. ಕೌಂಟರ್ ಮುಚ್ಚೋ ಹೊತ್ತು ಮೀರಿದ್ರೂ ಪಾಪ ಸ್ವಲ್ಪ ಕಾದ. ಇವಳು ಬಾಗಿಲ ಕಡೆ ನೋಡ್ತಾನೇ ಇದ್ದಳು. ಆಮೇಲೆ ಮುಚ್ಚಿದ.”

ಮಗಳು ಸೀರೆಯಂಗಡಿಯ ಚೀಲದಲ್ಲಿದ್ದ ಕಾಗದಗಳನ್ನು ಮಹಡಿಯ ಮೇಲಿಟ್ಟು ಬಂದು, ಬೆಳಗಿನಿಂದ ಬಿದ್ದಿದ್ದ ತಟ್ಟೆಗಳನ್ನೆಲ್ಲ ತೊಳೆದಿಟ್ಟಳು.

ಗಡಿಯಾರದ ಕಾಲೇಜಿನ ಪಟ್ಟಿ ಮೇಲೇರಲಿಲ್ಲ. ಒಂದು ದಿನ, ಈ ವರ್ಷದ ಪ್ರವೇಶ ಮುಗಿಯಿತು, ಆಸಕ್ತಿಗೆ ಧನ್ಯವಾದ ಎಂದು ಬಂತು. ಕಾರಣ ಯಾರೂ ಹೇಳಲಿಲ್ಲ, ಅವರಿಗೆ ಹೇಳುವ ಅಭ್ಯಾಸವೂ ಇಲ್ಲ. ಮಾತ್ರೆ ಹೊಸ ಬೂಟು ಹಾಕಿಕೊಂಡು ಕಾಲೇಜಿಗೆ ಹೊರಟ ಬೆಳಿಗ್ಗೆ ಬ್ರೆಡ್ಡಣ್ಣನ ಮಗಳು ಗಲ್ಲಾದಲ್ಲಿ ಕೂತಿದ್ದನ್ನು ಬೀದಿ ನೋಡಿತು. ನೋಡಿ ಅರ್ಥಮಾಡಿಕೊಂಡಿತು. ಆದರೆ ನಗಲಿಲ್ಲ. ಅವನು ಹೆದರಿದ್ದು ನಗುವಿಗೆ, ಸಿಕ್ಕಿದ್ದು ಕನಿಕರ. ಔಷಧಿಯವನ ಮುದಿ ತಾಯಿಗೆ ದಿನಾ ಸಂಜೆ ಚಹಾದ ಜೊತೆ ರಸ್ಕು ಬೇಕು. ಅಲ್ಲಿಯವರೆಗೆ ರಸ್ತೆಯಾಚೆಯಿಂದಲೇ “ಒಂದು ರಸ್ಕು ಕಳಿಸ್ರಿ” ಎಂದು ಕೂಗುತ್ತಿದ್ದವನು, ಈಗ ಖುದ್ದಾಗಿ ಬಂದು, ಆ ಹೆಸರೆತ್ತದೆ, ಡಬ್ಬದ ಕಡೆ ಬೆರಳು ತೋರಿಸಿ ನಿಲ್ಲುತ್ತಿದ್ದ. ಆ ಬೆರಳು ಬ್ರೆಡ್ಡಣ್ಣನ ಎದೆಗೆ ದಿನವೂ ನಾಟುತ್ತಿತ್ತು.

ಆ ವರ್ಷವಿಡೀ ಮಗಳು ಗಲ್ಲಾದಲ್ಲಿ ಕೂತಳು. ಅಪ್ಪನ ಮೇಲೆ ರೇಗಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ರೇಗಲಿಲ್ಲ. ಹಾಲು ಬಂತು ಅಪ್ಪ, ಚಿಲ್ಲರೆ ಇಲ್ಲ ಅಪ್ಪ, ಊಟಕ್ಕೆ ಬನ್ನಿ ಅಪ್ಪ. ಗಿರಾಕಿಗಳ ಜೊತೆ ಮಾತಾಡುವ ಹಾಗೆಯೇ, ಅಷ್ಟೇ ಮೆತ್ತಗೆ, ಅಷ್ಟೇ ಮಾತು. ಅಮ್ಮನ ಬಲಗಿವಿಯ ಹತ್ತಿರ ಮಾತ್ರ ಬಾಯಿಟ್ಟು ಏನೇನೋ ಹೇಳುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ಅವನು ಹತ್ತಿರ ಬಂದರೆ ಮಾತು ನಿಲ್ಲುತ್ತಿರಲಿಲ್ಲ, ವಿಷಯ ಬದಲಾಗುತ್ತಿತ್ತು.

ಮತ್ತೆ ಆ ಋತು ಬಂತು. ಮೊದಲು ಬಂದವರು ಲೆಕ್ಕದ ಮೇಡಂ, ತಮ್ಮ ಅಕ್ಕನ ಮಗನಿಗೆ ಗುಡ್ಡದ ಕಾಲೇಜಾಯಿತೆಂದು. “ಕೇಕು ಕೊಡೋದು ನಿಲ್ಸಿದೀನಿ ಮೇಡಂ” ಎಂದ ಬ್ರೆಡ್ಡಣ್ಣ. “ಒಳ್ಳೇದು” ಎಂದರು ಅವರು, ಏನೂ ತೋರಗೊಡದೆ. ಬೀದಿಯಲ್ಲಿ ಮಾತ್ರ, ಸ್ವಂತ ಮಗಳಿಗೆ ಸಿಗದಿದ್ದಕ್ಕೆ ಊರ ಮಕ್ಕಳ ಬಾಯಿಗೆ ಮಣ್ಣು ಹಾಕಿದ ಎಂದಾಯಿತು. ಇಷ್ಟು ವರ್ಷ ಕೊಟ್ಟ ಕೇಕುಗಳನ್ನು ಯಾರೂ ನೆನೆಯಲಿಲ್ಲ. ಕೇಕು ನಿಂತ ಮೇಲೆ ಅವನ ಹತ್ತಿರ ಸುದ್ದಿ ತರುವುದಕ್ಕೆ ಯಾರಿಗೂ ಕಾರಣವಿರಲಿಲ್ಲ. ಯಾರಿಗೆ ಎಲ್ಲಿ ಸಿಕ್ಕಿತು ಎಂಬುದು ಅವನಿಗೆ ಈಗ ವಾರ ಕಳೆದು, ಬ್ರೆಡ್ಡು ಕೊಳ್ಳುವವರ ಮಾತಿನ ಮಧ್ಯೆ ತಿಳಿಯುತ್ತಿತ್ತು.

ಅರ್ಜಿ ಹಾಕುವ ದಿನಗಳಲ್ಲೇ ಒಂದೆರಡು ಸಲ ಮಗಳನ್ನು ಕೇಳಬೇಕೆಂದು ಹೋಗಿದ್ದ. ಈ ಸಲ ಅರ್ಜಿ ಹಾಕು, ಸೇತುವೆಯದಕ್ಕೇ ಹಾಕು, ಮೊದಲ ದಿನವೇ ಬಂದು ಸಹಿ ಮಾಡುತ್ತೇನೆ ಎಂದು ಮಾತು ಜೋಡಿಸಿಕೊಂಡು ಗಲ್ಲಾದವರೆಗೆ ಹೋಗಿ, ಚಿಲ್ಲರೆ ಇದೆಯಾ ಎಂದು ಕೇಳಿ ವಾಪಸು ಬಂದಿದ್ದ. ತಪ್ಪು ಮಾಡುವಾಗ ಇದ್ದ ಧೈರ್ಯ ಒಪ್ಪಿಕೊಳ್ಳುವಾಗ ಇರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎನ್ನುವ ಚಾಳಿ ಅವನನ್ನು ಇನ್ನೂ ಬಿಟ್ಟಿರಲಿಲ್ಲ.

ಒಂದು ಸಂಜೆ ಔಷಧಿಯವನು ರಸ್ಕಿಗೆ ಬಂದು ನಿಂತ. ಗಲ್ಲಾದಲ್ಲಿ ತಾಯಿಯೂ ಇಲ್ಲ, ಮಗಳೂ ಇಲ್ಲ. ಬ್ರೆಡ್ಡಣ್ಣನೇ ಪೊಟ್ಟಣ ಕಟ್ಟಿಕೊಟ್ಟ.

“ಸಂತೋಷ ಆಯ್ತು ಕಣ್ರಿ” ಎಂದ ಔಷಧಿಯವನು. ಈ ಸಲ ದನಿಯಲ್ಲಿ ಕೊಂಕು ಇರಲಿಲ್ಲ, ಅದೇ ಹೆಚ್ಚು ಉರಿಯುವಂತಿತ್ತು. “ನಮ್ಮ ನಾದಿನಿ ಹೇಳಿದ್ಳು. ಹೋದ ವಾರ ಬಂದು ಸಹಿ ಹಾಕಿ ಹೋದ್ರಂತಲ್ಲ.”

“ಯಾರು?”

“ನಿಮ್ಮ ಮನೆಯವರು. ಸೇತುವೆ ಕಾಲೇಜಲ್ಲಿ. ಮಗಳು ನಮ್ಮವನಿಗೂ ಹೇಳಿದಾಳೆ, ಸೋಮವಾರದಿಂದ ಕ್ಲಾಸು ಅಂತ.” ಬ್ರೆಡ್ಡಣ್ಣನ ಮುಖ ನೋಡಿ ಅವನಿಗೆ ತಿಳಿಯಿತು. ಚಿಲ್ಲರೆಯನ್ನೂ ತೆಗೆದುಕೊಳ್ಳದೆ ರಸ್ತೆ ದಾಟಿ ಹೋದ.

ತಾಯಿ ಮಗಳು ಬಂದಾಗ ಮಗಳ ಕೈಯಲ್ಲಿ ಹೊಸ ಚೀಲವೊಂದಿತ್ತು. ಬ್ರೆಡ್ಡಣ್ಣ ಕೋಣೆಯಿಂದ ಹೊರಗೆ ಬಂದು ನಿಂತ. ಹೆಂಡತಿ ಅವನ ಮುಖ ನೋಡಿ ಗಲ್ಲಾದ ಹಿಂದೆ ಹೋಗಿ ಕೂತಳು. ಅರ್ಜಿಯಲ್ಲಿ ಪೋಷಕರು ಎಂದಿರುವ ಕಡೆ ಈ ಸಲ ತನ್ನ ಹೆಸರು ಬರೆಸಿಕೊಂಡಿದ್ದವಳು ಅವಳು. ಗಾಜಿನ ಹಿಂದಿನ ಗುಮಾಸ್ತನಿಗೆ, ನನಗೆ ಕಿವಿ ಕೇಳಿಸುವುದಿಲ್ಲ, ಹೊರಗೆ ಬಂದು ಹೇಳಿ ಎಂದು ಅವಳೇ ಕೈಮಾಡಿ ಕರೆದಿದ್ದಳಂತೆ. ಅವನು ಎದ್ದು ಬಂದು ಬಲಗಡೆ ನಿಂತು ಹೇಳಿದ್ದನಂತೆ. ಇದೆಲ್ಲ ಬ್ರೆಡ್ಡಣ್ಣನಿಗೆ ತಿಳಿದದ್ದು ಬಹಳ ದಿನಗಳಾದ ಮೇಲೆ, ಬೇರೆಯವರ ಬಾಯಿಂದ.

“ಸೀಟು ಸಿಕ್ತಂತೆ” ಎಂದ.

“ಹೂಂ.”

“ಬೀದಿಗೆಲ್ಲ ಗೊತ್ತು. ಎದುರಂಗಡಿಯವನಿಗೆ ಗೊತ್ತು.” ಬೈಯಬೇಕೆಂದು ಹೊರಟಿದ್ದ ದನಿ ಅರ್ಧದಲ್ಲೇ ಬೇಡುವ ದನಿಯಾಯಿತು. “ನನಗೊಂದು ಮಾತು ಹೇಳ್ಬಾರದಿತ್ತಾ ಮಗಳೇ?”

ಮಗಳು ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದಳು. ಸಿಟ್ಟಿರಲಿಲ್ಲ, ಚಿಲ್ಲರೆ ಇಲ್ಲ ಅಪ್ಪ ಎನ್ನುವಾಗಿನ ಅದೇ ದನಿ.

“ಹೇಳಿದ್ದೆನಲ್ಲ ಅಪ್ಪ” ಎಂದಳು. “ಹೋದ ವರ್ಷ.”